ಅಮ್ಮನ ಇಂಜೆಕ್ಷನ್ನೂ ಡೆನ್ಮಾರ್ಕಿನ ದಂಪತಿಯೂ

ನಾನು ಪಿ.ಯು.ಸಿ. ಓದುತ್ತಿದ್ದ ಕಾಲಕ್ಕೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದಕೂಡಲೇ ಸೀಮೆಎಣ್ಣೆ ಸ್ಟೌ ಮೇಲೆ ಎರಡು ಪಾತ್ರೆ ಏರುತ್ತಿದ್ದವು. ಒಂದರಲ್ಲಿ ಚಹಾದ ನೀರು, ಇನ್ನೊಂದರಲ್ಲಿ ಗಾಜಿನ ಸಿರಿಂಜು ಮತ್ತು ಸೂಜಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿದ್ದು 1974ರಲ್ಲಿ. ಫ್ರಿಜ್ ಎಂಬುದು ನಮ್ಮ ಓಣಿಗೇ ಇನ್ನೂ ಬಂದಿರಲಿಲ್ಲ. ಇನ್ಸುಲಿನ್ ಬಾಟಲಿಯನ್ನು ಒಂದು ಮಡಕೆಯಲ್ಲಿ ಹಸಿ ಮರಳು ತುಂಬಿ, ಅದರೊಳಗೆ ಹುದುಗಿಸಿ, ದೇವರ ಮನೆಯ ಪಕ್ಕದ ಕತ್ತಲೆ ಮೂಲೆಯಲ್ಲಿ ಇಡುತ್ತಿದ್ದೆವು. ಮೂತ್ರ ಪರೀಕ್ಷೆಯೂ ಮನೆಯಲ್ಲೇ. ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ನೀರಿಗೆ ಎಂಟು ಹನಿ ಹಾಕಿ ಕಾಯಿಸಿದರೆ ಬಣ್ಣ ತಿರುಗುತ್ತಿತ್ತು. ನೀಲಿಯೇ ಉಳಿದರೆ ಅಪ್ಪನ ಮುಖದಲ್ಲಿ ಗೆಲುವು. ಹಸಿರು, ಹಳದಿ ದಾಟಿ ಇಟ್ಟಿಗೆ ಕೆಂಪಾದರೆ ಆ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಮೊದಮೊದಲು ಅಪ್ಪ ಸೂಜಿ ಚುಚ್ಚುತ್ತಿದ್ದರು. ಅವರ ಕೈ ನಡುಗುತ್ತಿತ್ತು. ಮೂರು ತಿಂಗಳಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಒಮ್ಮೆ ಕೇಳಿದಳು: "ಇದು ಯಾವ ಗಿಡದ ಔಷಧಿನೇ?" ಅಪ್ಪ ಪೇಪರಿನಿಂದ ತಲೆ ಎತ್ತದೆ, "ವಿಲಾಯಿತಿ ಔಷಧಿ, ನಿನಗೆ ತಿಳಿಯಲ್ಲ" ಅಂದುಬಿಟ್ಟರು. ನಾನು ಸುಮ್ಮನಿದ್ದೆ. ನಮ್ಮದು ಬೆಳ್ಳುಳ್ಳಿಯ ಆಚೆ ಹೋಗದ ಲಿಂಗಾಯತರ ಮನೆ. ಪೂಜೆ ಮುಗಿಯದೆ ಅಮ್ಮ ತೊಟ್ಟು ನೀರು ಕುಡಿದವಳಲ್ಲ. ಆಗಿನ ಇನ್ಸುಲಿನ್ ಬರುತ್ತಿದ್ದುದು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ಅದು ನನ್ನ ಜೀವಶಾಸ್ತ್ರದ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹೇಳಿದರೆ ಅಮ್ಮ ಔಷಧಿ ಬಿಡುತ್ತಾಳೆ, ಬಿಟ್ಟರೆ ಉಳಿಯುವುದಿಲ್ಲ. ಹದಿನಾರು ವರ್ಷದ ಹುಡುಗಿ ನಾನು, ದಿನಾ ಬೆಳಿಗ್ಗೆ ಸೂಜಿಯ ಜೊತೆಗೆ ಆ ಗುಟ್ಟನ್ನೂ ಹಿಡಿದು ನಿಲ್ಲುತ್ತಿದ್ದೆ.

ಮುಂದೆ ನಾನು ಪ್ರಾಣಿಶಾಸ್ತ್ರವನ್ನೇ ಓದಿ, ಅದನ್ನೇ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೆಣ್ಣುಮಕ್ಕಳಿಗೆ ಪಾಠ ಹೇಳಿದೆ. ರಕ್ತ ಪರಿಚಲನೆಯ ಅಧ್ಯಾಯದಲ್ಲಿ ಒಂದು ಸಾಲು ಬರುತ್ತಿತ್ತು: ಸ್ನಾಯುಗಳಲ್ಲಿ ಲೋಮನಾಳಗಳ ನಿಯಂತ್ರಣವನ್ನು ಕಂಡುಹಿಡಿದದ್ದಕ್ಕೆ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರಿಗೆ 1920ರಲ್ಲಿ ನೊಬೆಲ್ ಬಹುಮಾನ. ಒಂದು ಅಂಕದ ಪ್ರಶ್ನೆಗೆ ಬೇಕಾದ ಸಾಲು ಅದು. ಆ ಸಾಲಿಗೂ ನಮ್ಮ ಮನೆಯ ಮರಳಿನ ಮಡಕೆಗೂ ನಂಟಿದೆ ಎಂದು ನನಗೆ ತಿಳಿದದ್ದು, ಐವತ್ತು ದಾಟಿದ ಮೇಲೆ ನನಗೇ ಸಕ್ಕರೆ ಕಾಯಿಲೆ ಬಂದು, ಡಾಕ್ಟರು "ದಿನಾ ನಲವತ್ತು ನಿಮಿಷ ನಡೀರಿ" ಅಂದಾಗ. ಮನೆಯೊಳಗೇ ದಿನಕ್ಕೆ ಎಷ್ಟು ಮೈಲಿ ನಡೆಯುತ್ತೇವೋ, ಇನ್ನು ಹೊರಗೆ ಬೇರೆ ನಡೆಯಬೇಕೆ ಎಂದು ನಿಮ್ಮ ಹಾಗೆ ನಾನೂ ಗೊಣಗಿದೆ. ನಡೆದರೆ ಏನಾಗುತ್ತದೆ ಎಂದು ಹುಡುಕುತ್ತಾ ಹೋದವಳಿಗೆ ಸಿಕ್ಕಿದ್ದು ಒಬ್ಬ ವಿಜ್ಞಾನಿಯಲ್ಲ, ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಹೆಂಗಸು.

ಆಗಸ್ಟ್ ಹುಟ್ಟಿದ್ದು 1874ರ ನವೆಂಬರಿನಲ್ಲಿ, ಡೆನ್ಮಾರ್ಕಿನ ಗ್ರೆನೊ ಎಂಬ ಸಮುದ್ರದಂಚಿನ ಊರಿನಲ್ಲಿ. ತಂದೆ ಹಡಗು ಕಟ್ಟುವವರು. ಮೇರಿ ಅದೇ ವರ್ಷದ ಕ್ರಿಸ್‌ಮಸ್ ದಿನ ಹುಟ್ಟಿದವರು. ಫ್ಯೂನ್ ಎಂಬ ದ್ವೀಪದ ಹುಡುಗಿ. ಆಗಸ್ಟ್ ಕೋಪನ್‌ಹೇಗನ್ನಿನಲ್ಲಿ ಪ್ರಾಣಿಶಾಸ್ತ್ರ ಓದಿ, ಕ್ರಿಶ್ಚಿಯನ್ ಬೋರ್ ಎಂಬ ದೊಡ್ಡ ಶರೀರಕ್ರಿಯಾ ವಿಜ್ಞಾನಿಯ ಕೈಕೆಳಗೆ ಸಹಾಯಕರಾಗಿ ಸೇರಿದ್ದರು. ಅಣುವಿನ ರಚನೆ ವಿವರಿಸಿದ ನೀಲ್ಸ್ ಬೋರ್ ಇದೇ ಕ್ರಿಶ್ಚಿಯನ್ ಬೋರರ ಮಗ. ಆ ಪ್ರಯೋಗಶಾಲೆಗೆ ವೈದ್ಯಕೀಯ ಓದುತ್ತಿದ್ದ ಮೇರಿ ಪಾಠ ಕೇಳಲು ಬಂದರು. 1905ರಲ್ಲಿ ಇಬ್ಬರಿಗೂ ಮದುವೆಯಾಯಿತು. ಮದುವೆಯಾಯಿತೆಂದು ಮೇರಿ ಓದು ಬಿಡಲಿಲ್ಲ. 1907ರಲ್ಲಿ ವೈದ್ಯೆಯಾದರು. ಮರುವರ್ಷ ಗಂಡನೊಂದಿಗೆ ಗ್ರೀನ್‌ಲ್ಯಾಂಡಿಗೆ ಹೊರಟರು. ಅಲ್ಲಿನ ಮೂಲನಿವಾಸಿಗಳು ಹೆಚ್ಚುಕಡಿಮೆ ಬರೀ ಮಾಂಸ ತಿಂದೇ ಬದುಕುವವರು. ಅವರನ್ನು ಗಾಳಿಯ ಲೆಕ್ಕ ಇಡುವ ಒಂದು ಪುಟ್ಟ ಕೋಣೆಯಲ್ಲಿ ಕೆಲವು ದಿನ ಇರಿಸಿ, ತಿಂದದ್ದೆಷ್ಟು, ಉಸಿರಾಡಿದ್ದೆಷ್ಟು, ವಿಸರ್ಜಿಸಿದ್ದೆಷ್ಟು ಎಂದು ಗಂಡಹೆಂಡತಿ ಅಳೆದರು. ನಮ್ಮಲ್ಲಿ ಆ ಕಾಲಕ್ಕೆ ಹೆಣ್ಣುಮಗಳು ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರುವುದೇ ಒಂದು ಸುದ್ದಿಯಾಗಿದ್ದುದನ್ನು ನೆನೆದರೆ, ಹಿಮದ ಸೀಮೆಯಲ್ಲಿ ತಕ್ಕಡಿ ಹಿಡಿದು ನಿಂತ ಆ ಹೆಂಗಸಿನ ಬಗ್ಗೆ ಗೌರವ ಹುಟ್ಟುತ್ತದೆ.

ಅವರಿಬ್ಬರ ಮೊದಲ ದೊಡ್ಡ ಪರೀಕ್ಷೆ ಮನೆಯ ಹತ್ತಿರವೇ ಬಂತು. ಶ್ವಾಸಕೋಶವೇ ಒಂದು ಗ್ರಂಥಿಯ ಹಾಗೆ ಕೆಲಸ ಮಾಡಿ ಆಮ್ಲಜನಕವನ್ನು ರಕ್ತಕ್ಕೆ ತಳ್ಳುತ್ತದೆ ಎಂಬುದು ಗುರು ಬೋರ್ ಅವರ ನಂಬಿಕೆ. ಗಂಡಹೆಂಡತಿ ಅಳೆದು ನೋಡಿದರೆ ಬೇರೆಯೇ ಕಂಡಿತು. ತಳ್ಳುವವರು ಯಾರೂ ಇಲ್ಲ. ಆಮ್ಲಜನಕ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನೇ ಹರಡುತ್ತದೆ. ಊದುಬತ್ತಿ ಹಚ್ಚಿದರೆ ವಾಸನೆ ಪಡಸಾಲೆಗೆ ಬರುವ ಹಾಗೆ. 1910ರಲ್ಲಿ ಈ ಬಗ್ಗೆ ಏಳು ಲೇಖನಗಳು ಒಟ್ಟಿಗೆ ಪ್ರಕಟವಾದವು. ಕೆಲವಕ್ಕೆ ಮೇರಿಯೂ ಸಹಲೇಖಕಿ. ಈ ಲೇಖನಗಳಿಗೆ 'ಏಳು ಪುಟ್ಟ ದೆವ್ವಗಳು' ಎಂಬ ಅಡ್ಡಹೆಸರು ಬಿತ್ತು. ಅನ್ನ ಕೊಟ್ಟ ಗುರುವಿನ ಮಾತನ್ನು ಮುರಿಯುವುದು ಯಾವ ದೇಶದಲ್ಲೂ ಸುಲಭವಲ್ಲ. ಗುರುವನ್ನು ವಿರೋಧಿಸಬೇಕಾಗಿ ಬಂದದ್ದನ್ನು ಹೇಳುತ್ತಲೇ, ತಾನು ಅವರಿಗೆ ಎಷ್ಟು ಋಣಿ ಎಂಬುದನ್ನೂ ಆಗಸ್ಟ್ ಅಲ್ಲಿಯೇ ಬರೆದರು. ಮರುವರ್ಷವೇ ಬೋರ್ ತೀರಿಕೊಂಡರು.

ಮೇರಿ ಅಷ್ಟಕ್ಕೇ ನಿಲ್ಲಲಿಲ್ಲ. ಜೀವಂತ ಮನುಷ್ಯನ ಶ್ವಾಸಕೋಶದೊಳಗೆ ಅನಿಲ ಎಷ್ಟು ಬೇಗ ರಕ್ತಕ್ಕೆ ಹರಡುತ್ತದೆ ಎಂದು ಅಳೆಯುವುದು ಹೇಗೆ? ಅವರು ಆರಿಸಿಕೊಂಡದ್ದು ಕಾರ್ಬನ್ ಮಾನಾಕ್ಸೈಡನ್ನು. ಅದು ವಿಷಾನಿಲ, ಆದರೆ ಅತಿ ಅಲ್ಪ ಪ್ರಮಾಣದಲ್ಲಿ ಅಪಾಯವಿಲ್ಲ. ಒಂದೇ ಒಂದು ಉಸಿರು ಒಳಗೆಳೆದು, ಸ್ವಲ್ಪ ಹೊತ್ತು ಹಿಡಿದು, ಹೊರಗೆ ಬಿಟ್ಟರೆ, ಒಳಗೆ ಎಷ್ಟು ಉಳಿಯಿತು ಎಂಬುದರಿಂದ ಲೆಕ್ಕ ಸಿಗುತ್ತದೆ. ಇದು 1914ರಲ್ಲಿ ಅವರ ಡಾಕ್ಟರೇಟ್ ಪ್ರಬಂಧವಾಯಿತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಪರೀಕ್ಷೆಗೆ ಹೋದರೆ, ಉಸಿರು ಎಳೆದು ಹಿಡಿಯಲು ಹೇಳಿ ಮಾಡುವ ಒಂದು ಪರೀಕ್ಷೆ ಇದೆ. ಅದರ ಬೇರು ಮೇರಿಯ ಪ್ರಬಂಧದಲ್ಲಿದೆ. ಮನೆಯಲ್ಲಿ ಮಕ್ಕಳು, ಹೊರಗೆ ರೋಗಿಗಳು, ನಡುವೆ ಪ್ರಯೋಗಶಾಲೆ. ಒಂದು ಕಾಲಕ್ಕೆ ಪ್ರಯೋಗಶಾಲೆ ಮತ್ತು ಮನೆ ಎರಡೂ ಒಂದೇ ಕಟ್ಟಡದಲ್ಲಿದ್ದವು. ಅವರಿಗೆ ಒಟ್ಟು ನಾಲ್ಕು ಮಕ್ಕಳು.

ಈ ನಡುವೆ ಆಗಸ್ಟರ ಗಮನ ಸ್ನಾಯುಗಳ ಕಡೆ ತಿರುಗಿತ್ತು. ಯೊಹಾನ್ನೆಸ್ ಲಿಂಡ್‌ಹಾರ್ಡ್ ಎಂಬ ವೈದ್ಯ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಅಂಗಸಾಧನೆಯ ಶಾಸ್ತ್ರ ಕಲಿಸುತ್ತಿದ್ದರು. ಇಬ್ಬರೂ ಕೂಡಿ, ನಿಂತಲ್ಲೇ ತುಳಿಯುವ ಒಂದು ಸೈಕಲ್ಲಿನಲ್ಲಿ ಕೆಲಸ ಅಳೆಯತೊಡಗಿದರು. ಅದಕ್ಕೆ ವಿದ್ಯುತ್ಕಾಂತದ ಬ್ರೇಕು. ಎಷ್ಟು ಕಷ್ಟಪಟ್ಟು ತುಳಿಯಬೇಕು ಎಂಬುದನ್ನು ಕರಾರುವಾಕ್ಕಾಗಿ ನಿಗದಿ ಮಾಡಬಹುದಿತ್ತು. ಇದು 1913ರ ಮಾತು. ಹೃದಯ ಪರೀಕ್ಷೆಗೆ ಹೋದಾಗ ಎದೆಗೆ ತಂತಿ ಅಂಟಿಸಿ ತುಳಿಸುವ ಸೈಕಲ್ಲಿನ ಮುತ್ತಜ್ಜ ಅದು ಎನ್ನಬಹುದು. ಆ ಸೈಕಲ್ಲಿನಿಂದ ಅವರಿಗೆ ಒಂದು ವಿಚಿತ್ರ ಕಂಡಿತು. ತುಳಿಯಲು ಶುರುಮಾಡಿದ ಕ್ಷಣವೇ ಉಸಿರೂ ನಾಡಿಯೂ ಏರುತ್ತವೆ. ಸ್ನಾಯು ದಣಿದು ಸುದ್ದಿ ಕಳಿಸುವಷ್ಟು ಹೊತ್ತೂ ಆಗಿರುವುದಿಲ್ಲ. ಕಾಲಿಗೆ ಅಪ್ಪಣೆ ಕೊಡುವ ಮಿದುಳು ಅದೇ ಉಸಿರಿನಲ್ಲಿ ಎದೆಗೂ ಹೇಳಿರುತ್ತದೆ. ಮದುವೆ ಮನೆಯಲ್ಲಿ ನೆಂಟರು ಬಾಗಿಲಿಗೆ ಬರುವ ಮೊದಲೇ ಒಲೆ ಹೊತ್ತಿಸಿಡುವ ಹಾಗೆ.

ಇನ್ನು ನೊಬೆಲ್ ತಂದುಕೊಟ್ಟ ಕೆಲಸ. ರಕ್ತ ಮೈಯೆಲ್ಲ ಸುತ್ತಿ ಬರುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲೇ ಹೇಳಿದ್ದ. ಲೋಮನಾಳಗಳನ್ನು ಇಟಲಿಯ ಮಾಲ್ಪೀಘಿ 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡಿದ್ದ. ಅವು ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ ನುಸುಳುವಷ್ಟೇ ಅಗಲದ ನಾಳಗಳು. ಆಗಸ್ಟ್ ಕೇಳಿಕೊಂಡ ಪ್ರಶ್ನೆ ಸರಳವಾದದ್ದು. ಸುಮ್ಮನಿರುವ ಸ್ನಾಯುವಿಗೆ ಬೇಕಾಗುವ ಆಮ್ಲಜನಕ ಸ್ವಲ್ಪ. ದುಡಿಯುವ ಸ್ನಾಯುವಿಗೆ ಅದರ ಹತ್ತಾರು ಪಟ್ಟು. ಹೆಚ್ಚಿನದು ಬರುವುದು ಹೇಗೆ?

ನಮ್ಮ ದಾವಣಗೆರೆ ಸೀಮೆಯವರಿಗೆ ಇದನ್ನು ಭದ್ರಾ ಕಾಲುವೆಯಿಂದ ಹೇಳಿದರೆ ಬೇಗ ತಿಳಿಯುತ್ತದೆ. ಮುಖ್ಯ ಕಾಲುವೆಯಲ್ಲಿ ನೀರು ಎಷ್ಟೇ ರಭಸವಾಗಿ ಹರಿಯಲಿ, ಕೊನೇ ಗದ್ದೆಯ ಪೈರಿಗೆ ಅದು ಮುಟ್ಟಬೇಕಾದರೆ ಹತ್ತಿರದಲ್ಲೊಂದು ಕಿರುಗಾಲುವೆ ಬೇಕು, ಅದರ ತೂಬು ತೆರೆದಿರಬೇಕು. ಕಾಲುವೆಯಿಂದ ಪೈರಿಗೆ ದೂರ ಹೆಚ್ಚಾದಷ್ಟೂ ನೀರು ದಾರಿಯಲ್ಲೇ ಇಂಗುತ್ತದೆ. ಸ್ನಾಯುವಿನಲ್ಲೂ ಆಮ್ಲಜನಕ ಲೋಮನಾಳದಿಂದ ಹರಡಿಕೊಂಡೇ ಹೋಗಬೇಕು, ಹೆಚ್ಚು ದೂರ ಹೋಗಲಾರದು. ಹಾಗಾದರೆ ದುಡಿಯುವಾಗ ಇನ್ನಷ್ಟು ತೂಬುಗಳು ತೆರೆಯಬೇಕಲ್ಲವೇ? ಸುಮ್ಮನಿರುವಾಗ ಬಹಳಷ್ಟು ಮುಚ್ಚಿರಬೇಕಲ್ಲವೇ?

ಹೌದೋ ಅಲ್ಲವೋ ಎಂದು ನೋಡಲು ಅವರು ಬಳಸಿದ್ದು ಇಂಡಿಯಾ ಇಂಕ್ ಎಂದು ಕರೆಯುವ ಕಪ್ಪು ಮಸಿಯನ್ನು. ಪ್ರಾಣಿಯ ರಕ್ತಕ್ಕೆ ಅದನ್ನು ಸೇರಿಸಿ, ಆಮೇಲೆ ಸ್ನಾಯುವಿನ ತೆಳ್ಳನೆಯ ಹೋಳು ಮಾಡಿ, ಸೂಕ್ಷ್ಮದರ್ಶಕದಲ್ಲಿ ಕಪ್ಪು ಚುಕ್ಕೆಗಳನ್ನು ಎಣಿಸುವುದು. ಮಸಿ ಹೋದಲ್ಲಿ ರಕ್ತ ಹೋಗಿದೆ ಎಂದರ್ಥ. ರಾಗಿ ಕಾಳಿಗಿಂತ ಕಿರಿದಾದ ಒಂದು ಚದರ ಮಿಲಿಮೀಟರ್ ಜಾಗದಲ್ಲಿ, ಗಿನಿಪಿಗ್ಗಿನ ಸುಮ್ಮನಿದ್ದ ಸ್ನಾಯುವಿನಲ್ಲಿ ನೂರರ ಆಸುಪಾಸು ಚುಕ್ಕೆಗಳು ಕಂಡವು. ದುಡಿಸಿದ ಸ್ನಾಯುವಿನಲ್ಲಿ ಸುಮಾರು 2500. ಒಂದು ಲೋಮನಾಳ ಎಷ್ಟು ದೂರದವರೆಗೆ ಆಮ್ಲಜನಕ ಉಣಿಸಬಲ್ಲುದು ಎಂಬ ಗಣಿತವನ್ನು ಬಿಡಿಸಿಕೊಟ್ಟದ್ದು ಏರ್ಲಾಂಗ್ ಎಂಬ ಗಣಿತಜ್ಞ. ಆತ ಕೆಲಸಕ್ಕಿದ್ದುದು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ. ಎಷ್ಟು ಜನ ಒಟ್ಟಿಗೆ ಫೋನ್ ಮಾಡಿದರೆ ಎಷ್ಟು ತಂತಿ ಬೇಕು ಎಂಬ ಲೆಕ್ಕ ಹಾಕುತ್ತಿದ್ದವನು ಸ್ನಾಯುವಿನ ನಾಳಗಳ ಲೆಕ್ಕವನ್ನೂ ಹಾಕಿದ. 1919ರಲ್ಲಿ ಈ ಲೇಖನಗಳು ಅಚ್ಚಾದವು, 1920ರಲ್ಲಿ ನೊಬೆಲ್ ಬಂತು. ಅದೇ 1920ರಲ್ಲಿ ಅವರು ಮತ್ತು ಲಿಂಡ್‌ಹಾರ್ಡ್ ಮತ್ತೊಂದು ಸಂಗತಿಯನ್ನೂ ತೋರಿಸಿದರು. ಸ್ನಾಯು ಬರೀ ಕೊಬ್ಬನ್ನು ಉರಿಸಿ ದುಡಿದರೆ, ಅಷ್ಟೇ ಕೆಲಸಕ್ಕೆ ಪಿಷ್ಟ ಸಕ್ಕರೆಗಳಿಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ.

ಒಂದು ಮಾತು ಹೇಳಿಬಿಡಬೇಕು. ಆಗಸ್ಟರ ಎಲ್ಲ ಲೆಕ್ಕವೂ ಹಾಗೇ ಉಳಿದಿಲ್ಲ. ಒಬ್ಬ ಮನುಷ್ಯನ ಸ್ನಾಯುಗಳ ಲೋಮನಾಳಗಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಲಕ್ಷ ಕಿಲೋಮೀಟರ್ ಆಗುತ್ತದೆ, ಭೂಮಿಗೆ ಎರಡೂವರೆ ಸುತ್ತು ಬರುತ್ತದೆ ಎಂದು ಅವರು ಅಂದಾಜು ಮಾಡಿದ್ದರು. ನಾನೂ ಕ್ಲಾಸಿನಲ್ಲಿ ಇದನ್ನು ಹೇಳಿ ಹುಡುಗಿಯರ ಕಣ್ಣರಳಿಸಿದ್ದುಂಟು. ಈಚಿನ ಎಣಿಕೆಗಳ ಪ್ರಕಾರ ಅದು ಬಹಳ ಹೆಚ್ಚಾಯಿತು, ಇಡೀ ಮೈಯದನ್ನು ಸೇರಿಸಿದರೂ ಅಷ್ಟಾಗದು. ಸುಮ್ಮನಿರುವ ಸ್ನಾಯುವಿನಲ್ಲೂ ಬಹುಪಾಲು ಲೋಮನಾಳಗಳಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ, ದುಡಿಯುವಾಗ ಆ ಹರಿವು ಹೆಚ್ಚಾಗುತ್ತದೆ ಎಂದೂ ಆಮೇಲಿನವರು ಕಂಡಿದ್ದಾರೆ. ತೂಬು ಪೂರ್ತಿ ಮುಚ್ಚಿರುವುದಿಲ್ಲ, ಸಣ್ಣಗೆ ತೆರೆದಿರುತ್ತದೆ ಎನ್ನಿ. ಗುರುವಿನ ಮಾತನ್ನು ತಿದ್ದಿದವರ ಮಾತನ್ನು ಮೊಮ್ಮಕ್ಕಳು ತಿದ್ದಿದರು. ಆದರೆ ದುಡಿಮೆಗೆ ತಕ್ಕಂತೆ ನೀರು ಹಾಯಿಸುವ ವ್ಯವಸ್ಥೆ ಸ್ನಾಯುವಿನೊಳಗೇ ಇದೆ ಎಂಬ ಮೂಲ ಮಾತು ನಿಂತಿದೆ.

ಆ ಬಹುಮಾನ ಆಗಸ್ಟ್ ಒಬ್ಬರಿಗೇ ಬಂತು. ಲೋಮನಾಳದ ಕೆಲಸ ಅವರದೇ ಆದ್ದರಿಂದ ಅದರಲ್ಲಿ ಅನ್ಯಾಯ ಹುಡುಕಲಾರೆ. ಆದರೆ ಆಮ್ಲಜನಕ ತಾನೇ ಹರಡುತ್ತದೆ ಎಂಬ ತಳಪಾಯ ಇಲ್ಲದಿದ್ದರೆ ಆ ಲೆಕ್ಕವೇ ಹುಟ್ಟುತ್ತಿರಲಿಲ್ಲ. ಆ ತಳಪಾಯದ ಕಲ್ಲು ಹೊತ್ತವರಲ್ಲಿ ಮೇರಿಯೂ ಒಬ್ಬರು. ನಾನು ಮೂವತ್ತು ವರ್ಷ ಪಾಠ ಹೇಳಿ, ಒಮ್ಮೆಯೂ ಆಕೆಯ ಹೆಸರು ಹೇಳಲಿಲ್ಲ. ಪುಸ್ತಕದಲ್ಲಿರಲಿಲ್ಲ, ನಾನೂ ಕೇಳಲಿಲ್ಲ.

ನೊಬೆಲ್ ಬಂದು ಎರಡು ವರ್ಷವಾಗುವುದರೊಳಗೆ ಮೇರಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಕಿರಿ ಮಗಳು ಬೋಡಿಲ್ 1918ರಲ್ಲಿ ಹುಟ್ಟಿದವಳು, ಇನ್ನೂ ಪುಟ್ಟ ಮಗು. ಸ್ವತಃ ವೈದ್ಯೆಯಾದ ಮೇರಿಗೆ ತನ್ನ ಕಾಯಿಲೆ ಏನು, ಅದರ ದಾರಿ ಯಾವುದು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಗ ಇದ್ದ ಚಿಕಿತ್ಸೆ ಒಂದೇ, ಪಥ್ಯ. ಕಾಯಿಲೆ ಜೋರಿದ್ದರೆ ಅರೆಹೊಟ್ಟೆ. ಸಕ್ಕರೆ ಕಾಯಿಲೆಯ ಮಕ್ಕಳಂತೂ ಉಪವಾಸದಿಂದ ಎಲುಬುಗೂಡಾಗಿ ಸಾಯುತ್ತಿದ್ದರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟಿದ್ದರು. ಅದೇ ವರ್ಷ ಆಗಸ್ಟರಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಲೋಮನಾಳಗಳ ಬಗ್ಗೆ ಉಪನ್ಯಾಸ ಮಾಡಲು ಕರೆ ಬಂತು. ಮೇರಿಯೂ ಜೊತೆಗೆ ಹೋದರು. ಅಲ್ಲಿ ಟೊರಾಂಟೊ ಸುದ್ದಿ ಕಿವಿಗೆ ಬಿದ್ದಾಗ ಪಟ್ಟು ಹಿಡಿದವರು ಮೇರಿ: ಅಲ್ಲಿಗೆ ಹೋಗಿ ನೋಡಿಯೇ ಬರಬೇಕು.

ನವೆಂಬರಿನಲ್ಲಿ ಆಗಸ್ಟ್ ಟೊರಾಂಟೊಗೆ ಹೋಗಿ ಪ್ರೊಫೆಸರ್ ಮೆಕ್ಲಾಯ್ಡ್ ಅವರನ್ನು ಕಂಡರು. ಸ್ಕ್ಯಾಂಡಿನೇವಿಯ ದೇಶಗಳಲ್ಲಿ ಇನ್ಸುಲಿನ್ ತಯಾರಿಸಲು ಅನುಮತಿ ಸಿಕ್ಕಿತು. ಡಿಸೆಂಬರ್ 12ಕ್ಕೆ ಡೆನ್ಮಾರ್ಕಿಗೆ ಮರಳಿದರು. ಮೇರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ಹ್ಯಾಗೆಡಾರ್ನ್ ಜೊತೆಗೂಡಿ, ಆ ತಿಂಗಳು ಮುಗಿಯುವುದರೊಳಗೇ ದನದ ಮೇದೋಜೀರಕ ಗ್ರಂಥಿಯಿಂದ ಮೊದಲ ಹನಿಗಳನ್ನು ತೆಗೆದರು. ಔಷಧಿ ಕಂಪನಿಯ ಮಾಲೀಕ ಕಾಂಗ್‌ಸ್ಟೆಡ್ ಹಣ ಹಾಕಿದ. 1923ರಲ್ಲಿ ರೋಗಿಗಳಿಗೆ ಕೊಡುವುದು ಶುರುವಾಯಿತು. ಹೀಗೆ ಹುಟ್ಟಿದ್ದೇ ನಾರ್ಡಿಸ್ಕ್ ಇನ್ಸುಲಿನ್ ಪ್ರಯೋಗಶಾಲೆ. ಅದು 1989ರಲ್ಲಿ ನೋವೋ ಕಂಪನಿಯೊಂದಿಗೆ ಕೂಡಿ ನೋವೋ ನಾರ್ಡಿಸ್ಕ್ ಆಯಿತು. ನಮ್ಮೂರ ಔಷಧಿ ಅಂಗಡಿಯ ಫ್ರಿಜ್ಜಿನಲ್ಲೂ ಆ ಹೆಸರಿನ ಡಬ್ಬಿಗಳಿವೆ. ಹ್ಯಾಗೆಡಾರ್ನ್ ಮುಂದೆ ನಿಧಾನವಾಗಿ ಕೆಲಸ ಮಾಡುವ, ದಿನಕ್ಕೆ ಹಲವು ಬಾರಿ ಚುಚ್ಚಿಕೊಳ್ಳುವುದನ್ನು ತಪ್ಪಿಸುವ ಇನ್ಸುಲಿನ್ ತಯಾರಿಸಿದರು.

ಮೇರಿ ಅದಾದ ಮೇಲೆ ಇಪ್ಪತ್ತು ವರ್ಷ ಬದುಕಿದರು. ರೋಗಿಗಳನ್ನು ನೋಡಿದರು, ಮಕ್ಕಳನ್ನು ದಡ ಮುಟ್ಟಿಸಿದರು. 1943ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗಸ್ಟ್ 1949ರವರೆಗೆ ಇದ್ದರು. ಕಿರಿ ಮಗಳು ಬೋಡಿಲ್ ಕೂಡ ಶರೀರಕ್ರಿಯಾ ವಿಜ್ಞಾನಿಯಾಗಿ, 1975ರಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನಿಗಳ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದರು. ತಂದೆ ತಾಯಿಯ ಜೀವನಚರಿತ್ರೆಯನ್ನು 1995ರಲ್ಲಿ ಬರೆದವರೂ ಅವರೇ. ಆ ಪುಸ್ತಕದ ಹೆಸರಿನಲ್ಲೇ ಆಗಸ್ಟರ ಪಕ್ಕ ಮೇರಿಯೂ ಇದ್ದಾರೆ.

ಈಗ ಡಾಕ್ಟರು ಹೇಳಿದ ನಲವತ್ತು ನಿಮಿಷಕ್ಕೆ ಬರುತ್ತೇನೆ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎತ್ತಿಕೊಳ್ಳಬೇಕಾದದ್ದು ಸ್ನಾಯುಗಳು. ಸುಮ್ಮನೆ ಕೂತಾಗ ಅವುಗಳ ಬಾಗಿಲು ತೆರೆಯಲು ಇನ್ಸುಲಿನ್ ಬೇಕು. ದುಡಿಯುವ ಸ್ನಾಯುವಾದರೋ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ಬಾಗಿಲು ತೆರೆದು ಸಕ್ಕರೆ ಒಳಗೆಳೆದುಕೊಳ್ಳುತ್ತದೆ. ದಿನವೂ ದುಡಿಸಿದರೆ ಹೊಸ ಲೋಮನಾಳಗಳೇ ಹುಟ್ಟುತ್ತವೆ. 1977ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಂಟು ವಾರ ಸೈಕಲ್ ತುಳಿದವರ ತೊಡೆಯ ಸ್ನಾಯುವಿನಲ್ಲಿ ಅವು ಸುಮಾರು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿದ್ದವು. ಅಡುಗೆಮನೆಯಿಂದ ಪಡಸಾಲೆಗೆ ಓಡಾಡಿದ್ದು ಲೆಕ್ಕಕ್ಕಿಲ್ಲವೆಂದಲ್ಲ. ಆದರೆ ಎರಡು ಹೆಜ್ಜೆ ಇಟ್ಟು ನಿಲ್ಲುವ ಆ ಓಡಾಟದಲ್ಲಿ ಸ್ನಾಯು ಬಿಡದೆ ದುಡಿಯುವುದಿಲ್ಲ. ನಮ್ಮ ತಾಯಂದಿರಿಗೆ ಪಥ್ಯ ಹೇಳಿದವರುಂಟು, ಸೂಜಿ ಕೊಟ್ಟವರುಂಟು. "ಸೆರಗು ಸಿಕ್ಕಿಸಿಕೊಂಡು ಒಂದು ಗಂಟೆ ಹೊರಗೆ ನಡೆದು ಬಾ, ಅಡುಗೆ ನಾವು ನೋಡಿಕೊಳ್ಳುತ್ತೇವೆ" ಅಂದವರು ಯಾರು? ನಾನೂ ನನ್ನ ಅಮ್ಮನಿಗೆ ಹೇಳಲಿಲ್ಲ.

ಅಮ್ಮ ಹದಿನೇಳು ವರ್ಷ ಇನ್ಸುಲಿನ್ನಿನ ಮೇಲೆ ಬದುಕಿದಳು. ನನ್ನ ಮದುವೆ ಮಾಡಿದಳು, ಬಾಣಂತನ ಮಾಡಿದಳು. 1991ರಲ್ಲಿ, ತೀರಿಕೊಳ್ಳುವ ಕೆಲವು ತಿಂಗಳ ಮೊದಲು, ಸಿರಿಂಜು ತೊಳೆಯುತ್ತಿದ್ದ ನನ್ನನ್ನು ನೋಡಿ ತಾನಾಗಿಯೇ ಅಂದಳು: "ಅದು ಎಲ್ಲಿಂದ ಬರುತ್ತೆ ಅಂತ ನಂಗೆ ಗೊತ್ತಿಲ್ಲ ಅನ್ಕಂಡೀಯೇನು? ನರ್ಸಮ್ಮ ಯಾವತ್ತೋ ಹೇಳಿದ್ಲು. ನಿಮ್ಮಪ್ಪ ಹೆದರ್ಕಂತಾರಂತ ಸುಮ್ನಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಅದರ ಹಾಲು ಕುಡಿದು ನೀವೆಲ್ಲ ಬೆಳೆದ್ರಿ. ನನ್ನ ಮೇಲೂ ಅದರ ಋಣ ಐತಿ" ಅಂದಳು. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ನಮ್ಮ ಆಕಳಿಗೆ ಅವಳು ತನ್ನ ಕೈಯಾರೆ ಒಂದು ತುತ್ತು ತಿನ್ನಿಸುತ್ತಿದ್ದುದು ಯಾಕೆಂದು ನನಗೆ ಆವತ್ತು ತಿಳಿಯಿತು.

ಈಗ ಬೆಳಿಗ್ಗೆ ಆರಕ್ಕೆ ಓಣಿಯ ನಾಲ್ಕೈದು ಹೆಂಗಸರು ಕಾಲುವೆ ಏರಿಯ ಮೇಲೆ ನಡೆಯುತ್ತೇವೆ. ಸೊಸೆ ಚಹಾ ಮಾಡಿಟ್ಟಿರುತ್ತಾಳೆ, ಮಗ ತಿಂಡಿಗೆ ತರಕಾರಿ ಹೆಚ್ಚುತ್ತಾನೆ. ತೂಬಿನ ಹತ್ತಿರ ಬಂದಾಗ ಒಂದು ನಿಮಿಷ ನಿಂತು ನೀರು ನೋಡುವುದು ನಮ್ಮ ರೂಢಿ. ಮೊನ್ನೆ ಅಲ್ಲಿ ನಿಂತು ಮೇರಿಯ ಕಥೆ ಹೇಳಿದೆ. ಪಕ್ಕದ ಮನೆಯ ಗೌರಕ್ಕ ಎಲ್ಲ ಕೇಳಿಸಿಕೊಂಡು, "ಆಕಿ ಹಠ ಹಿಡಿದಿದ್ದು ಚೊಲೋ ಆತು ಬಿಡ್ರಿ ಟೀಚರೇ" ಅಂದು, ಮುಂದೆ ನಡೆದರು. ನಾನೂ ಅವರ ಹಿಂದೆ ಹೆಜ್ಜೆ ಹಾಕಿದೆ.